ಹಳೇ ಕಾರಿಗೆ ಚಳಿಜ್ವರ: ಸ್ಟೀರಿಂಗ್ ನಡುಗಿದಾಗ ನೋಡಬೇಕಾದ್ದೇನು?



ಬೇ ಏರಿಯಾದಲ್ಲಿ ನಮ್ಮವರ ಮನೆ ಎಂದರೆ ಸಾಮಾನ್ಯವಾಗಿ ಎರಡು ಕಾರು. ಒಂದು ಹೊಸದು, ಈಗೀಗ ಬ್ಯಾಟರಿಯದು. ಯುಗಾದಿ ಕಾರ್ಯಕ್ರಮಕ್ಕೆ, ಏರ್‌ಪೋರ್ಟಿಗೆ, ಲಿವರ್‌ಮೋರ್ ದೇವಸ್ಥಾನಕ್ಕೆ ಹೋಗುವುದು ಅದರಲ್ಲೇ. ಇನ್ನೊಂದು ಹಳೆಯದು. ಕೊರೋಲಾ, ಕ್ಯಾಮ್ರಿ, ಸಿವಿಕ್, ಅಕಾರ್ಡ್ ಈ ನಾಲ್ಕರಲ್ಲಿ ಒಂದಾಗಿರುವ ಸಂಭವ ಹೆಚ್ಚು. ಎಚ್-1 ವೀಸಾದಲ್ಲಿ ಬಂದಿಳಿದ ಹೊಸತರಲ್ಲಿ ಕೊಂಡದ್ದು, ಮಕ್ಕಳನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದದ್ದು, ಅಮ್ಮ-ಅಪ್ಪನಿಗೆ ಗೋಲ್ಡನ್ ಗೇಟ್ ತೋರಿಸಿದ್ದು. ಮಾರಿದರೆ ಬರುವ ದುಡ್ಡು ಕಮ್ಮಿ, ಮಾರಲು ಮನಸ್ಸು ಅದಕ್ಕಿಂತ ಕಮ್ಮಿ! ಕೊನೆಗೆ ಮಕ್ಕಳು ಡ್ರೈವಿಂಗ್ ಕಲಿಯುವ ವಯಸ್ಸಿಗೆ ಬಂದಾಗ ಆ ಹಳೇ ಕಾರು ಅವರ ಪಾಲಿಗೆ ಬರುತ್ತದೆ.

ಈ ಲೇಖನ ಆ ಎರಡನೇ ಕಾರಿನ ಬಗ್ಗೆ. ನಾನು ಮೆಕ್ಯಾನಿಕ್ ಅಲ್ಲ, ನಿಮ್ಮಲ್ಲಿ ಬಹಳಷ್ಟು ಜನರ ಹಾಗೆ ಸಾಫ್ಟ್‌ವೇರ್ ಕೂಲಿ. ಆದರೆ ಎರಡು ವರ್ಷ ಒಂದೇ ಕಡೆ ನಿಂತಿದ್ದ ಕಾರಿನ ಸ್ಟೀರಿಂಗ್ ನಡುಗಿದಾಗ ನಾನು ಮಾಡಿದ ತಪ್ಪುಗಳನ್ನು ನೀವು ಮಾಡಬಾರದು ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು

ನಮ್ಮ ಹಳೇ ಕಾರು 2004ರ ಮಾಡೆಲ್. ಕಂಪನಿಯ ಹೆಸರು ಬೇಡ, ತಪ್ಪು ಅದರದ್ದಲ್ಲ. ಫ್ರೀಮಾಂಟಿನ ಮನೆಯಿಂದ ಬಾರ್ಟ್ ಸ್ಟೇಷನ್ನಿಗೆ, ಅಲ್ಲಿಂದ ಮನೆಗೆ, ಇಷ್ಟೇ ಅದರ ಓಡಾಟ. 2020ರ ಮಾರ್ಚಿನಲ್ಲಿ ಇಲ್ಲಿನ ಕೌಂಟಿಗಳು ಮನೆಯಲ್ಲೇ ಇರಿ ಎಂದು ಆದೇಶ ಹೊರಡಿಸಿದ ಮೇಲೆ ಅದೂ ನಿಂತಿತು. ಸುಮಾರು ಎರಡು ವರ್ಷ ಡ್ರೈವ್‌ವೇಯಲ್ಲಿ ತುಳಸಿಕಟ್ಟೆಯ ಹಾಗೆ ನಿಂತಲ್ಲೇ ನಿಂತಿತ್ತು. ಆಗಾಗ ಸ್ಟಾರ್ಟ್ ಮಾಡಿ ಐದು ನಿಮಿಷ ಗುರ್ ಅನ್ನಿಸಿ ಆಫ್ ಮಾಡುತ್ತಿದ್ದೆ. ಬ್ಯಾಟರಿಗೆ ಒಳ್ಳೆಯದು ಅಂತ!

2023ರ ಬೇಸಿಗೆಯಲ್ಲಿ ಮಗಳು ಡೇವಿಸ್‌ನಲ್ಲಿ ಎರಡನೇ ವರ್ಷದ ಓದಿಗೆ ಹೊರಟಳು. ಹಾಸ್ಟೆಲ್ ಬಿಟ್ಟು ಅಪಾರ್ಟ್‌ಮೆಂಟ್, ಹಾಗಾಗಿ ಕಾರು ಬೇಕು. ಹಳೇ ಕಾರನ್ನು ತೊಳೆದು, ಆಯಿಲ್ ಬದಲಾಯಿಸಿ, 680ರಲ್ಲಿ ಒಂದು ಸುತ್ತು ಹೋಗಿ ನೋಡಿದೆ. 55 ಮೈಲಿ ವೇಗ ದಾಟುತ್ತಿದ್ದ ಹಾಗೆ ಸ್ಟೀರಿಂಗ್ ಚಕ್ರ ಅದುರಲು ಶುರು. 65ರಲ್ಲಿ ಅಂಗೈ ಜುಮ್ಮೆನ್ನುವಷ್ಟು.

ಮೊದಲು ಹೋದದ್ದು ಮನೆ ಹತ್ತಿರದ ಒಂದು ಅಂಗಡಿಗೆ. "ಅಲೈನ್‌ಮೆಂಟ್ ಮಾಡಿ" ಅಂತ ನಾನೇ ಹೇಳಿದೆ. ಮಾಡಿದರು, ದುಡ್ಡು ಕೊಟ್ಟೆ, ನಡುಕ ಹೋಗಲಿಲ್ಲ. ಆಮೇಲೆ ಆಫೀಸಿನ ಗೆಳೆಯರೊಬ್ಬರು "ರೋಟರ್ ಸೊಟ್ಟಗಾಗಿರುತ್ತೆ, ನಂದೂ ಹಾಗೇ ಆಗಿತ್ತು" ಅಂದರು. ಮುಂದಿನ ಎರಡೂ ಬ್ರೇಕ್ ರೋಟರ್, ಪ್ಯಾಡ್ ಹೊಸದಾದವು. ಬ್ರೇಕ್ ಮಾತ್ರ ಬೆಣ್ಣೆಯ ಹಾಗಾಯಿತು, ನಡುಕ ಇದ್ದಲ್ಲೇ ಇತ್ತು. ಮೂರನೇ ಸಲ ವೀಲ್ ಬ್ಯಾಲೆನ್ಸಿಂಗ್. ಈ ಸಲ ನಿಜಕ್ಕೂ ಕಮ್ಮಿಯಾಯಿತು. ಗೆದ್ದೆ ಅಂದುಕೊಂಡೆ. ಹತ್ತು ದಿನದಲ್ಲಿ ಮತ್ತೆ ಬಂತು, ಮೊದಲಿಗಿಂತ ಜೋರಾಗಿ.

ಅಷ್ಟು ಹೊತ್ತಿಗೆ ಹಾಸನದಿಂದ ನಮ್ಮ ಮಾವನವರು ಬಂದಿದ್ದರು. ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತರಾದವರು. ಮಗಳು ಹೊರಡುವುದಕ್ಕೆ ಎರಡು ದಿನ ಮೊದಲು ಲಿವರ್‌ಮೋರ್ ದೇವಸ್ಥಾನದಲ್ಲಿ ಒಂದು ಅರ್ಚನೆ ಮಾಡಿಸೋಣ ಎಂದು ಅದೇ ಕಾರಿನಲ್ಲಿ ಹೊರಟೆವು. 680 ಹತ್ತಿ ಸುನೋಲ್ ದಾಟಿ 84ಕ್ಕೆ ತಿರುಗಿದೆವು. ಮಾವ ಪಕ್ಕದಲ್ಲಿ ಕುಳಿತು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಏನ್ರೀ, ಸ್ಟೇರಿಂಗ್ ಹೀಗೆ ಅದುರ್ತಿದೆಯಲ್ಲ? ಯಾವಾಗಿಂದ?"

"ಒಂದು ತಿಂಗಳಾಯ್ತು ಮಾವ. ಎಲ್ಲಾ ಮಾಡಿಸಿದ್ದೀನಿ. ಅಲೈನ್‌ಮೆಂಟು, ರೋಟರು, ಬ್ಯಾಲೆನ್ಸಿಂಗು..."

"ಏನೇನು ಮಾಡಿಸಿದ್ರಿ ಅಂತ ಕೇಳ್ಲಿಲ್ಲ. ಯಾವಾಗ ಅದುರುತ್ತೆ, ಎಲ್ಲಿ ಅದುರುತ್ತೆ, ಹೇಗೆ ಅದುರುತ್ತೆ? ಅದು ಹೇಳಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಕೇಳಿದ ಆ ಮೂರು ಪ್ರಶ್ನೆಗಳೇ ಈ ಲೇಖನದ ಜೀವಾಳ.

ಮೊದಲ ಪ್ರಶ್ನೆ: ಯಾವಾಗ?

ನಡುಕ ಕಾಣಿಸಿಕೊಳ್ಳುವ ಸಮಯದಿಂದಲೇ ಅರ್ಧ ರೋಗ ಗೊತ್ತಾಗುತ್ತದೆ.

50ರಿಂದ 70 ಮೈಲಿ ವೇಗದ ನಡುವೆ ಮಾತ್ರ ನಡುಗಿ, ಅದಕ್ಕಿಂತ ಕಮ್ಮಿ ವೇಗದಲ್ಲಿ ಶಾಂತವಾಗಿದ್ದರೆ ಮೊದಲ ಅನುಮಾನ ಚಕ್ರದ ಬ್ಯಾಲೆನ್ಸ್ ಮೇಲೆ. ಮನೆಯ ವಾಷಿಂಗ್ ಮೆಷೀನ್ ನೆನಪಿಸಿಕೊಳ್ಳಿ. ದಪ್ಪ ಬೆಡ್‌ಶೀಟು ಒಂದೇ ಕಡೆ ಮುದ್ದೆಯಾದರೆ ನಿಧಾನವಾಗಿ ತಿರುಗುವಾಗ ಏನೂ ಇಲ್ಲ, ಸ್ಪಿನ್ ಶುರುವಾದ ತಕ್ಷಣ ಮೆಷೀನು ಗರಾಜಿನಲ್ಲಿ ನಡೆದಾಡಲು ಶುರು ಮಾಡುತ್ತದೆ. ಚಕ್ರವೂ ಹಾಗೆಯೇ. ನಮ್ಮ ಸಾಧಾರಣ ಸೆಡಾನ್ ಕಾರಿನ ಟೈರಿನ ಸುತ್ತಳತೆ ಸುಮಾರು 2 ಮೀಟರ್. 60 ಮೈಲಿ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 13 ಸಲ ಸುತ್ತುತ್ತದೆ. ರಿಮ್ಮಿನ ಅಂಚಿನಲ್ಲಿ ಒಂದು ಕಡೆ ಬರೀ ಒಂದು ಔನ್ಸ್, ಅಂದರೆ ಐದು ಕ್ವಾರ್ಟರ್ ನಾಣ್ಯದಷ್ಟು ತೂಕ ಹೆಚ್ಚಾಗಿದ್ದರೆ, ಆ ವೇಗದಲ್ಲಿ ಅದು ಹೆಚ್ಚುಕಮ್ಮಿ 4 ಕಿಲೋ ತೂಕದಷ್ಟು ಬಲದಿಂದ ಚಕ್ರವನ್ನು ಜಗ್ಗುತ್ತದೆ. ವೇಗ ಅರ್ಧವಾದರೆ ಆ ಬಲ ಅರ್ಧವಲ್ಲ, ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. 30ರಲ್ಲಿ ಸುಮ್ಮನಿದ್ದ ಕಾರು 60ರಲ್ಲಿ ದೆವ್ವ ಬಂದ ಹಾಗೆ ಆಡುವುದು ಇದಕ್ಕೇ. ಕೆಲವೊಮ್ಮೆ 75ಕ್ಕೆ ಹೋದರೆ ನಡುಕ ಮತ್ತೆ ಕಮ್ಮಿಯಾಗುತ್ತದೆ. ಸಸ್ಪೆನ್ಷನ್ನಿಗೆ ತನ್ನದೇ ಆದ ಒಂದು ತಾಳವಿದೆ. ಚಕ್ರದ ಲಯ ಆ ತಾಳಕ್ಕೆ ಹೊಂದಿದಾಗ ಕುಣಿತ ಜೋರು, ತಪ್ಪಿದಾಗ ಇಳಿಮುಖ. ಹಾಗೆಂದು ಜೋರಾಗಿ ಓಡಿಸುವುದು ಪರಿಹಾರವಲ್ಲ (ಹೈವೇ ಪೆಟ್ರೋಲ್‌ನವರು ಈ ವಾದ ಒಪ್ಪುವುದಿಲ್ಲ!).

ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕ್ ರೋಟರ್. ಜನ ಇದನ್ನು ಸೊಟ್ಟಗಾಗಿದೆ ಅನ್ನುತ್ತಾರೆ. ಬಹಳ ಸಲ ಆಗಿರುವುದು ರೋಟರಿನ ದಪ್ಪ ಎಲ್ಲ ಕಡೆ ಒಂದೇ ಸಮ ಇಲ್ಲದಿರುವುದು, ಅಥವಾ ಪ್ಯಾಡಿನ ಪುಡಿ ಅಲ್ಲಲ್ಲಿ ಅಂಟಿಕೊಂಡಿರುವುದು. ಪೆಡಲ್ ಕೂಡ ಕಾಲಿಗೆ ಮಿಡಿಯುತ್ತದೆ. ಹೈವೇ 17ರಲ್ಲಿ ಸಾಂತಾ ಕ್ರೂಜ್ ಕಡೆಗೆ ಇಳಿಯುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಗಕ್ಕನೆ ಬ್ರೇಕ್ ಹಾಕಿದಾಗ ಪೆಡಲ್ ಕಟಕಟ ಅಂದರೆ ಅದು ಎಬಿಎಸ್ ತನ್ನ ಕೆಲಸ ಮಾಡುತ್ತಿದೆ ಅಷ್ಟೇ, ರೋಗವಲ್ಲ.

ಗ್ಯಾಸ್ ಒತ್ತಿದಾಗ ನಡುಗಿ, ಕಾಲು ತೆಗೆದ ತಕ್ಷಣ ನಿಂತರೆ ಮುಂಚಕ್ರಕ್ಕೆ ಶಕ್ತಿ ಒಯ್ಯುವ ಆಕ್ಸಲ್ ಮೇಲೆ, ಅದರಲ್ಲೂ ಒಳಬದಿಯ ಸಿವಿ ಜಾಯಿಂಟ್ ಮೇಲೆ ಅನುಮಾನ. ಪೂರ್ತಿ ಸ್ಟೀರಿಂಗ್ ತಿರುಗಿಸಿ ಪಾರ್ಕಿಂಗ್ ಲಾಟಿನಲ್ಲಿ ನಿಧಾನವಾಗಿ ಹೋಗುವಾಗ ಟಕ್ ಟಕ್ ಟಕ್ ಅಂದರೆ ಅದು ಹೊರಬದಿಯ ಜಾಯಿಂಟ್.

ಸಿಗ್ನಲ್ಲಿನಲ್ಲಿ ನಿಂತಾಗಲೂ ನಡುಗಿದರೆ ಚಕ್ರಕ್ಕೆ ಸಂಬಂಧವೇ ಇಲ್ಲ. ಎಂಜಿನ್ ಮೌಂಟಿನ ರಬ್ಬರ್ ಹೋಗಿರಬಹುದು, ಅಥವಾ ಎಂಜಿನ್ ಮಿಸ್ ಹೊಡೆಯುತ್ತಿರಬಹುದು. ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಓಡಿಸುವುದನ್ನು ನಿಲ್ಲಿಸಿ ತೋರಿಸಿ.

ಹತ್ತು-ಹದಿನೈದು ಮೈಲಿ ಓಡಿದ ಮೇಲೆ ತಾನೇ ಹೋಗುವ ನಡುಕವೂ ಒಂದಿದೆ. ಕಾರು ತಿಂಗಳುಗಟ್ಟಲೆ ನಿಂತಾಗ ಟೈರಿನ ಕೆಳಭಾಗ ಚಪ್ಪಟೆಯಾಗುತ್ತದೆ. ಬೇಸಿಗೆ ರಜೆಗೆ ಆರು ವಾರ ಊರಿಗೆ ಹೋಗಿ ಬಂದವರಿಗೆ ಇದರ ಅನುಭವ ಇರುತ್ತದೆ. ಟೈರು ಬಿಸಿಯಾದ ಮೇಲೆ ಹೋದರೆ ಚಿಂತೆಯಿಲ್ಲ. ಹೋಗದಿದ್ದರೆ ಚಿಂತೆ. ನಾನು ಒಂದು ವಾರ "ಅದೇ ಇರಬೇಕು" ಅಂತ ಸಮಾಧಾನ ಹೇಳಿಕೊಂಡಿದ್ದೆ.

ಚಳಿಗಾಲದಲ್ಲಿ ಟಾಹೋದಿಂದ ಬರುವಾಗ 80ರಲ್ಲಿ ದಿಢೀರನೆ ನಡುಕ ಶುರುವಾದರೆ ಗಾಬರಿ ಬೇಡ. ರಿಮ್ಮಿನ ಒಳಗೆ ಹಿಮ ಗಟ್ಟಿಯಾಗಿ ಕೂತಿರುತ್ತದೆ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಕೆರೆದು ತೆಗೆಯಿರಿ. ಕೆಲವರು ಇದಕ್ಕೂ ಬ್ಯಾಲೆನ್ಸಿಂಗ್ ಮಾಡಿಸಲು ಹೋಗುತ್ತಾರೆ. ಅಂಗಡಿ ತಲುಪುವಷ್ಟರಲ್ಲಿ ಹಿಮ ಕರಗಿ ರೋಗ ಮಾಯ!

ಎರಡನೇ ಪ್ರಶ್ನೆ: ಎಲ್ಲಿ?

ಸ್ಟೀರಿಂಗ್ ಹಿಡಿದ ಕೈಗೆ ಹೆಚ್ಚಾಗಿ ತಿಳಿದರೆ ತೊಂದರೆ ಮುಂದಿನ ಚಕ್ರಗಳಲ್ಲಿ. ಸೀಟಿಗೆ, ಸೊಂಟಕ್ಕೆ ತಿಳಿದರೆ ಹಿಂದಿನ ಚಕ್ರಗಳಲ್ಲಿ.

ಇದನ್ನು ಖಚಿತ ಮಾಡಿಕೊಳ್ಳಲು ಬಹಳ ಅಗ್ಗದ ಉಪಾಯವಿದೆ. ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಿ. ಇದನ್ನೇ ಟೈರ್ ರೊಟೇಷನ್ ಅನ್ನುವುದು. ಹೇಗೂ ಮಾಡಿಸಬೇಕಾದ ಕೆಲಸ, ಬಹಳ ಕಡೆ ಕಮ್ಮಿ ಖರ್ಚಿನಲ್ಲಿ ಆಗುತ್ತದೆ. ಆಮೇಲೆ ನಡುಕ ಕೈಯಿಂದ ಸೀಟಿಗೆ ಹೋದರೆ ಕಳ್ಳ ಚಕ್ರದಲ್ಲೋ ಟೈರಿನಲ್ಲೋ ಇದ್ದಾನೆ. ನಡುಕ ಕೈಯಲ್ಲೇ ಉಳಿದರೆ ಚಕ್ರ ನಿರ್ದೋಷಿ, ಹಬ್ಬು, ಬ್ರೇಕು, ಜಾಯಿಂಟುಗಳ ಕಡೆ ನೋಡಬೇಕು. ನಾನು ರೋಟರಿಗೆ ನೂರಾರು ಡಾಲರ್ ಕೊಡುವ ಮೊದಲು ಈ ಒಂದು ಪರೀಕ್ಷೆ ಮಾಡಿಸಿದ್ದರೆ ಅಲ್ಲಿಗೇ ಉತ್ತರ ಸಿಗುತ್ತಿತ್ತು. ಬಗ್ ಹುಡುಕುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡು ಎಂದು ಆಫೀಸಿನ ಹೊಸ ಹುಡುಗರಿಗೆ ಬೋಧಿಸುವ ನಾನು ಕಾರಿನ ವಿಷಯದಲ್ಲಿ ಅದನ್ನೇ ಮರೆತಿದ್ದೆ.

ಮೂರನೇ ಪ್ರಶ್ನೆ: ಹೇಗೆ?

ಒಂದೇ ಸಮನೆ ಝುಂಯ್ ಅನ್ನುವ ಸಣ್ಣ ಕಂಪನ ಒಂದು ಥರ. ಗೂಂಯ್ ಎಂದು ಗುಂಗಿಹುಳದ ಹಾಗೆ ಸದ್ದು ಮಾಡುತ್ತಾ, ಒಂದು ಕಡೆಗೆ ತಿರುಗಿದಾಗ ಹೆಚ್ಚಾಗಿ ಇನ್ನೊಂದು ಕಡೆಗೆ ತಿರುಗಿದಾಗ ಕಮ್ಮಿಯಾದರೆ ಅದು ವೀಲ್ ಬೇರಿಂಗ್. ಹಳ್ಳಕೊಳ್ಳ ಹಾರಿದಾಗ ಟಣ್ ಅಂದು, ಸ್ಟೀರಿಂಗ್ ಸಡಿಲ ಅನ್ನಿಸಿದರೆ ಟೈ ರಾಡ್, ಬಾಲ್ ಜಾಯಿಂಟ್, ಕಂಟ್ರೋಲ್ ಆರ್ಮ್ ಬುಷ್. ಇವು ಸವೆದಿದ್ದರೆ ತಾವೇ ನಡುಕ ಹುಟ್ಟಿಸುವುದಕ್ಕಿಂತ ಹೆಚ್ಚಾಗಿ, ಚಕ್ರದ ಚಿಕ್ಕ ನಡುಕವನ್ನು ದೊಡ್ಡದು ಮಾಡಿ ಕೈಗೆ ಮುಟ್ಟಿಸುತ್ತವೆ. ಸ್ವಲ್ಪ ದೂರ ಓಡಿದ ಮೇಲೆ ನಡುಕ ಶುರುವಾಗಿ, ಕಾರು ಒಂದು ಕಡೆಗೆ ಎಳೆದು, ಒಂದೇ ಚಕ್ರದಿಂದ ಸುಟ್ಟ ವಾಸನೆ ಬಂದರೆ ಆ ಚಕ್ರದ ಬ್ರೇಕ್ ಕ್ಯಾಲಿಪರ್ ಕಚ್ಚಿ ಹಿಡಿದಿದೆ ಎಂದರ್ಥ.

ಇವೆಲ್ಲಕ್ಕಿಂತ ಭಯಪಡಬೇಕಾದದ್ದು ಇನ್ನೊಂದಿದೆ. ನಮ್ಮ ಬೀದಿಯಲ್ಲಿ 15-20 ಮೈಲಿ ವೇಗದಲ್ಲಿ ಹೋಗುವಾಗಲೂ ಸ್ಟೀರಿಂಗ್ ಎಡಕ್ಕೆ ಬಲಕ್ಕೆ ತೊನೆಯುವುದು, ಟೈರು ಮೊಟ್ಟೆಯಾಕಾರ ಆಗಿದೆಯೇನೋ ಅನ್ನುವ ಹಾಗೆ. ದೇವಸ್ಥಾನದ ಪಾರ್ಕಿಂಗಿಗೆ ನಿಧಾನವಾಗಿ ತಿರುಗುವಾಗ ಮಾವ ಅದನ್ನು ಗಮನಿಸಿದರು. "ಬ್ಯಾಲೆನ್ಸ್ ತೊಂದರೆ ಈ ಸ್ಪೀಡಿನಲ್ಲಿ ಗೊತ್ತಾಗೋದಿಲ್ಲ ಕಣ್ರೀ. ಇದು ವಾಬ್ಲಿಂಗು. ಇಳೀರಿ ಕೆಳಗೆ."

ಟೈರಿನ ಮೇಲೆ ಕೈ

ಅರ್ಚನೆ ಆಮೇಲೆ. ಮೊದಲು ಪಂಚೆ ಎತ್ತಿ ಕಟ್ಟಿ ಮಾವ ಕುಳಿತೇಬಿಟ್ಟರು. ನನ್ನಾಕೆ "ಅಪ್ಪ, ಎಲ್ಲರೂ ನೋಡ್ತಿದ್ದಾರೆ" ಅಂದರೂ ಕೇಳಲಿಲ್ಲ. ಟ್ರಂಕಿನಲ್ಲಿದ್ದ ತೋಟದ ಗ್ಲೌಸ್ ಕೈಗೆ ಹಾಕಿಕೊಂಡು ಮುಂದಿನ ಎಡ ಟೈರಿನ ಮೇಲೆ ನಿಧಾನವಾಗಿ ಕೈಯಾಡಿಸಿದರು. ಏನೂ ಇಲ್ಲ. ಕಾರನ್ನು ಎರಡಡಿ ಮುಂದಕ್ಕೆ ತರಲು ಹೇಳಿದರು, ಮತ್ತೆ ಕೈಯಾಡಿಸಿದರು. ಆಮೇಲೆ ಬಲ ಟೈರು. ಅಲ್ಲಿ ಕೈ ನಿಂತಿತು.

"ಇಲ್ಲಿ ನೋಡಿ."

ಮುಟ್ಟಿ ನೋಡಿದೆ. ಟೈರಿನ ಒಳಬದಿಗೆ, ಬಗ್ಗಿ ನೋಡದೆ ಕಾಣದ ಜಾಗದಲ್ಲಿ, ಅಂಗೈಯಷ್ಟು ಅಗಲಕ್ಕೆ ಟ್ರೆಡ್ ಉಬ್ಬಿತ್ತು. ಬಿಸಿ ಹೆಂಚಿನ ಮೇಲೆ ಚಪಾತಿ ಉಬ್ಬಲು ಶುರುವಾದ ಹಾಗೆ.

ನನಗೆ ನಂಬಿಕೆ ಬರಲಿಲ್ಲ. "ಟ್ರೆಡ್ ಚೆನ್ನಾಗಿದೆಯಲ್ಲ ಮಾವ? ಪೆನ್ನಿ ಟೆಸ್ಟ್ ಮಾಡಿದ್ದೆ."

"ಬಟನ್ ಇರೋದು ಬೇರೆ, ಟೈರು ಗಟ್ಟಿ ಇರೋದು ಬೇರೆ. ಇದು ಎಷ್ಟು ವರ್ಷದ್ದು?"

ಗೊತ್ತಿರಲಿಲ್ಲ. ಟೈರಿನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಒಂದು ಸಂಕೇತವಿರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ಟೈರಿನ ಜಾತಕ. ಮೊದಲ ಎರಡು ವಾರ, ಮುಂದಿನ ಎರಡು ವರ್ಷ. ಪೂರ್ತಿ ಸಂಕೇತ ಟೈರಿನ ಒಂದೇ ಬದಿಯಲ್ಲಿ ಇರುವುದುಂಟು, ಹಾಗಾಗಿ ಒಳಬದಿಯಲ್ಲೂ ಹುಡುಕಬೇಕಾಗಬಹುದು. ನಮ್ಮದರಲ್ಲಿ 2213 ಎಂದಿತ್ತು. 2013ರ 22ನೇ ವಾರ, ಅಂದರೆ ಹತ್ತು ವರ್ಷ ತುಂಬಿದ ಟೈರು. ಕಾರು ಓಡದೇ ಇದ್ದದ್ದರಿಂದ ಟ್ರೆಡ್ ಸವೆದಿರಲಿಲ್ಲ, ರಬ್ಬರಿಗೆ ಮಾತ್ರ ವಯಸ್ಸಾಗಿತ್ತು. ಮೂರು ಅಂಗಡಿಯವರೂ ಟ್ರೆಡ್ ನೋಡಿ ಟೈರು ಚೆನ್ನಾಗಿದೆ ಅಂದಿದ್ದರು. ನಾನೂ ನಂಬಿದ್ದೆ.

ಟೈರಿನೊಳಗೆ ಆಗುವುದೇನು?

ಈಗಿನ ರೇಡಿಯಲ್ ಟೈರಿನಲ್ಲಿ ಟ್ರೆಡ್ಡಿನ ಕೆಳಗೆ ಉಕ್ಕಿನ ಸಣ್ಣ ತಂತಿಗಳ ಎರಡು ಪಟ್ಟಿಗಳು ಒಂದರ ಮೇಲೊಂದು ಇರುತ್ತವೆ. ಅವನ್ನು ಹಿಡಿದಿಡುವುದು ರಬ್ಬರ್. ಬಿಸಿಲು, ಗಾಳಿಯ ಆಮ್ಲಜನಕ, ವರ್ಷಗಳು ಸೇರಿ ಆ ರಬ್ಬರನ್ನು ಪೆಡಸು ಮಾಡುತ್ತವೆ. ಗಾಳಿ ಕಮ್ಮಿ ಇಟ್ಟು ಓಡಿಸಿದರೆ ಟೈರು ಹೆಚ್ಚು ಬಾಗಿ ಬಿಸಿಯಾಗಿ ಇನ್ನಷ್ಟು ಹಾಳು. ಒಂದು ದಿನ ಪಟ್ಟಿಗಳ ನಡುವೆ ಸಣ್ಣ ಬಿರುಕು ಹುಟ್ಟಿ ನಿಧಾನವಾಗಿ ಹರಡುತ್ತದೆ. ಆಗ ಕಾಣುವುದೇ ಉಬ್ಬು ಮತ್ತು ನಡುಕ. ಬ್ಯಾಲೆನ್ಸಿಂಗ್ ಮಾಡಿಸಿದಾಗ ಕಮ್ಮಿಯಾಗಿ ಮತ್ತೆ ಬಂದದ್ದು ಯಾಕೆ ಎಂದು ಈಗ ಅರ್ಥವಾಗುತ್ತದೆ. ಉಬ್ಬಿಗೆ ಸರಿತೂಗುವ ತೂಕ ಅಂಟಿಸಿದ್ದರು, ಉಬ್ಬು ಬೆಳೆಯಿತು. ಕೊನೆಯ ಹಂತದಲ್ಲಿ ಫ್ರೀವೇ ವೇಗದಲ್ಲಿ ಟ್ರೆಡ್ ಇಡಿಯಾಗಿ ಕಿತ್ತು ಬರುತ್ತದೆ. 5ರಲ್ಲೋ 80ರಲ್ಲೋ ರಸ್ತೆ ಪಕ್ಕ ಬಿದ್ದಿರುವ ರಬ್ಬರ್ ಪಟ್ಟಿಗಳನ್ನು ನಾವೆಲ್ಲ ನೋಡಿದ್ದೇವೆ.

ಹಳಬರಿಗೆ ನೆನಪಿರಬಹುದು, 2000ದ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಕಂಪನಿ ಇದೇ ರೀತಿ ಟ್ರೆಡ್ ಕಿತ್ತು ಬರುವ ದೂರುಗಳಿಂದಾಗಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಿತು. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳು ಪಲ್ಟಿಯಾಗಿ ಬಹಳ ಜನ ಸತ್ತಿದ್ದರು. ಅದರ ಬೆನ್ನಲ್ಲೇ ಆ ವರ್ಷದ ನವೆಂಬರಿನಲ್ಲಿ ಟ್ರೆಡ್ ಆಕ್ಟ್ ಎಂಬ ಕಾನೂನು ಬಂತು. ಈಗ ಎಲ್ಲ ಕಾರುಗಳಲ್ಲಿ ಟೈರಿನ ಗಾಳಿ ಕಮ್ಮಿಯಾದರೆ ಹಳದಿ ದೀಪ ಹತ್ತುತ್ತದಲ್ಲ, ಅದು ಆ ಕಾನೂನಿನ ಫಲ. ಹೊಸ ಕಾರುಗಳೆಲ್ಲಕ್ಕೂ ಅದು ಕಡ್ಡಾಯವಾದದ್ದು 2007ರ ಸೆಪ್ಟೆಂಬರಿನಿಂದ. ನಮ್ಮ 2004ರ ಕಾರಿನಲ್ಲಿ ಆ ದೀಪವಿಲ್ಲ. ನಿಮ್ಮ ಹಳೇ ಕಾರಿನಲ್ಲೂ ಇಲ್ಲದಿರಬಹುದು. ತಿಂಗಳಿಗೊಮ್ಮೆ ಗೇಜ್ ಹಿಡಿದು ನೋಡುವುದೇ ದಾರಿ.

ಎಷ್ಟು ವರ್ಷಕ್ಕೆ ಟೈರು ಬದಲಾಯಿಸಬೇಕು? ಟ್ರೆಡ್ ಹೇಗೇ ಇರಲಿ, ಆರು ವರ್ಷಕ್ಕೆ ಬದಲಾಯಿಸಿ ಎನ್ನುವ ಕಾರು ಕಂಪನಿಗಳಿವೆ. ಹತ್ತು ವರ್ಷವೇ ಕೊನೆ ಗಡುವು ಎನ್ನುವ ಟೈರು ಕಂಪನಿಗಳಿವೆ. ಆರು ದಾಟಿದ್ದರೆ ವರ್ಷಕ್ಕೊಮ್ಮೆ ತಜ್ಞರಿಗೆ ತೋರಿಸಿ. ಹತ್ತು ಮುಟ್ಟಿದ್ದರೆ ಚರ್ಚೆಯೇ ಬೇಡ. ಡಿಕ್ಕಿಯಲ್ಲಿರುವ ಸ್ಪೇರ್ ಟೈರಿಗೂ ಇದೇ ಮಾತು.

ಆ ದಿನ ನಾವು ಫ್ರೀವೇ ಹತ್ತಲಿಲ್ಲ. ಅರ್ಚನೆ ಮುಗಿಸಿ, ಊರೊಳಗಿನ ರಸ್ತೆಯಲ್ಲೇ ತೆವಳುತ್ತಾ ಲಿವರ್‌ಮೋರಿನಲ್ಲೇ ಒಂದು ಟೈರಿನ ಅಂಗಡಿಗೆ ಹೋಗಿ ನಾಲ್ಕೂ ಟೈರು ಬದಲಾಯಿಸಿದೆವು. ಬಿಚ್ಚಿದ ಟೈರನ್ನು ಮಾವ ಬೆರಳಿಂದ ಒತ್ತಿ ತೋರಿಸಿದರು. ಉಬ್ಬಿದ ಜಾಗ ಮೆತ್ತಗಿತ್ತು. ಇನ್ನೆರಡು ದಿನಕ್ಕೆ ಮಗಳು ಅದೇ ಟೈರಿನ ಮೇಲೆ, ಒಬ್ಬಳೇ, 680 ಹಿಡಿದು ಬೆನಿಷಿಯಾ ಸೇತುವೆ ದಾಟಿ, ವ್ಯಾಕವಿಲ್ ಕಡೆಯ ಬಿಸಿಲಿನಲ್ಲಿ 70 ಮೈಲಿ ವೇಗದಲ್ಲಿ ಹೋಗಬೇಕಿತ್ತು. ಅದನ್ನು ನೆನೆದರೆ ಈಗಲೂ ನನಗೆ ಚಳಿಜ್ವರ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಅರ್ಧ ಗಂಟೆ ಸಾಕು. ಸಮತಟ್ಟಾದ ಜಾಗ, ಹ್ಯಾಂಡ್ ಬ್ರೇಕ್ ಹಾಕಿರಲಿ.

1. ನಾಲ್ಕೂ ಟೈರಿನ ಗಾಳಿ ನೋಡಿ. ಎಷ್ಟಿರಬೇಕು ಎಂಬುದು ಡ್ರೈವರ್ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿದೆ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಒತ್ತಡ, ಅದಲ್ಲ.

2. ನಾಲ್ಕಂಕಿಯ ಜಾತಕ ಓದಿ ಬರೆದಿಟ್ಟುಕೊಳ್ಳಿ.

3. ಪೆನ್ನಿಯನ್ನು ತಲೆಕೆಳಗಾಗಿ ಟ್ರೆಡ್ಡಿನ ಗಾಡಿಯೊಳಗೆ ಇಳಿಸಿ. ಲಿಂಕನ್‌ರ ತಲೆ ಪೂರ್ತಿ ಕಂಡರೆ 2/32 ಇಂಚಿಗಿಂತ ಕಮ್ಮಿ ಉಳಿದಿದೆ, ಟೈರು ಮುಗಿಯಿತು. ತಲೆ ಕಾಣದಿದ್ದರೆ ಈ ಒಂದು ಪರೀಕ್ಷೆ ಪಾಸು, ಅಷ್ಟೇ.

4. ಗ್ಲೌಸ್ ಹಾಕಿ ಟ್ರೆಡ್ಡಿನ ಮೇಲೂ ಎರಡೂ ಪಕ್ಕಗಳ ಮೇಲೂ ಕೈಯಾಡಿಸಿ. ಒಳಗಿನ ತಂತಿ ಹೊರಬಂದಿದ್ದರೆ ಬರಿಗೈ ಕೊಯ್ಯುತ್ತದೆ. ಕಾರನ್ನು ಸ್ವಲ್ಪ ಮುಂದೆ ಉರುಳಿಸಿ, ನಿಲ್ಲಿಸಿ, ಮತ್ತೆ ಕೈಯಾಡಿಸಿ. ಉಬ್ಬು, ಅಲೆ, ಬಿರುಕು ಸಿಕ್ಕಿದರೆ ಓಡಿಸಬೇಡಿ.

5. ರಿಮ್ಮಿನ ಅಂಚು ನೋಡಿ. ಗುಂಡಿಗೆ ಬಿದ್ದು ಬಾಗಿದೆಯೇ? ಬ್ಯಾಲೆನ್ಸ್ ತೂಕ ಕಿತ್ತುಹೋದ ಕಲೆ ಇದೆಯೇ? (ಕ್ಯಾಲಿಫೋರ್ನಿಯಾದಲ್ಲಿ 2010ರಿಂದ ಸೀಸದ ತೂಕಗಳಿಗೆ ನಿಷೇಧ, ಈಗ ಹಾಕುವುದು ಉಕ್ಕು ಅಥವಾ ಸತುವಿನದು.)

6. ಈಚೆಗೆ ಚಕ್ರ ಬಿಚ್ಚಿಸಿದ್ದರೆ ನಟ್ಟುಗಳ ಬಿಗಿ ನೋಡಿ. ನಮ್ಮ ಕಡೆಯ ಚಿಕ್ಕ ಕಾರುಗಳಿಗೆ ಸಾಮಾನ್ಯವಾಗಿ 80 ಅಡಿ-ಪೌಂಡಿನ ಆಸುಪಾಸು, ಸರಿಯಾದ ಸಂಖ್ಯೆ ಮ್ಯಾನ್ಯುಯಲ್‌ನಲ್ಲಿದೆ. ಒಂದರ ಪಕ್ಕದ್ದನ್ನಲ್ಲ, ಎದುರಿನದನ್ನು ಬಿಗಿಯುತ್ತಾ ನಕ್ಷತ್ರದ ಹಾಗೆ ಹೋಗಬೇಕು. ಹೊಸ ಟೈರು ಹಾಕಿಸಿ 50-100 ಮೈಲಿ ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು.

ಜ್ಯಾಕ್ ಹಾಕಿ ಚಕ್ರ ಅಲ್ಲಾಡಿಸಿ ನೋಡುವ ಪರೀಕ್ಷೆಯೂ ಇದೆ. ಗಡಿಯಾರದ 3 ಮತ್ತು 9ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಸಡಿಲವಿದ್ದರೆ ಟೈ ರಾಡ್, 12 ಮತ್ತು 6ರಲ್ಲಿ ಸಡಿಲವಿದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಆದರೆ ಸ್ಟ್ಯಾಂಡ್ ಇಲ್ಲದೆ, ಕಾರಿನ ಜೊತೆ ಬಂದ ಪುಟ್ಟ ಜ್ಯಾಕನ್ನೇ ನಂಬಿ ಇದನ್ನು ಮಾಡಬೇಡಿ. ಕಾರಿನ ಕೆಳಗಂತೂ ತಲೆ ಹಾಕಲೇಬೇಡಿ.

ಅಂಗಡಿಯಲ್ಲಿ ಏನು ಹೇಳಬೇಕು?

"ಅಲೈನ್‌ಮೆಂಟ್ ಮಾಡಿ" ಅನ್ನಬೇಡಿ. ಅಲೈನ್‌ಮೆಂಟ್ ತಪ್ಪಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ, ಟೈರು ಓರೆಯಾಗಿ ಸವೆಯುತ್ತದೆ. ಅದೊಂದರಿಂದಲೇ ಸ್ಟೀರಿಂಗ್ ನಡುಗುವುದು ಅಪರೂಪ. ಡಾಕ್ಟರ ಹತ್ತಿರ ಹೋಗಿ ಔಷಧಿಯ ಹೆಸರು ಹೇಳುತ್ತೇವೆಯೇ? ಲಕ್ಷಣ ಹೇಳಿ: "55 ದಾಟಿದರೆ ನಡುಗುತ್ತದೆ, ಬ್ರೇಕಿಗೆ ಸಂಬಂಧವಿಲ್ಲ, ಕೈಗೆ ತಿಳಿಯುತ್ತದೆ, ನಿಧಾನವಾಗಿ ಹೋಗುವಾಗಲೂ ತೊನೆಯುತ್ತದೆ." ಸಾಧ್ಯವಾದರೆ ಮೆಕ್ಯಾನಿಕ್‌ನನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ. ಸಾದಾ ಬ್ಯಾಲೆನ್ಸಿಂಗ್‌ನಲ್ಲಿ ಹೋಗದ ನಡುಕಕ್ಕೆ ರೋಡ್ ಫೋರ್ಸ್ ಬ್ಯಾಲೆನ್ಸ್ ಎಂಬ ಯಂತ್ರವಿದೆ. ಅದು ಚಕ್ರಕ್ಕೆ ರೋಲರ್ ಒತ್ತಿ, ರಸ್ತೆಯ ಮೇಲೆ ಭಾರ ಬಿದ್ದಾಗ ಟೈರು ಹೇಗೆ ವರ್ತಿಸುತ್ತದೆ ಎಂದು ಅಳೆಯುತ್ತದೆ. ಅದಿರುವ ಅಂಗಡಿ ಕೇಳಿ ಹೋಗಿ.

ನಿಮ್ಮ ಹಕ್ಕುಗಳೂ ಗೊತ್ತಿರಲಿ. ಕ್ಯಾಲಿಫೋರ್ನಿಯಾದಲ್ಲಿ 1971ರ ಕಾನೂನಿನಂತೆ ರಿಪೇರಿ ಅಂಗಡಿಗಳ ಮೇಲೆ ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್ ಎಂಬ ಸರ್ಕಾರಿ ಇಲಾಖೆಯ ಕಣ್ಗಾವಲಿದೆ. ಕೆಲಸ ಶುರು ಮಾಡುವ ಮೊದಲು ಅಂದಾಜು ವೆಚ್ಚ ಬರೆದು ಕೊಡಬೇಕು. ನಿಮ್ಮ ಒಪ್ಪಿಗೆಯಿಲ್ಲದೆ ಅದನ್ನು ಮೀರುವಂತಿಲ್ಲ. ಬಿಚ್ಚಿದ ಹಳೇ ಭಾಗಗಳು ಬೇಕು ಎಂದು ಮೊದಲೇ ಕೇಳಿದರೆ ಸಾಮಾನ್ಯವಾಗಿ ಕೊಡಬೇಕು. ಕೇಳಿ ಇಸಿದುಕೊಳ್ಳಿ, ನೋಡಿ ಕಲಿಯಬಹುದು.

ಇನ್ನೊಂದು ತಪ್ಪು ತಿಳಿವಳಿಕೆ: "ಸ್ಮಾಗ್ ಪಾಸ್ ಆಗಿದೆ, ಕಾರು ಚೆನ್ನಾಗಿದೆ." ಎರಡು ವರ್ಷಕ್ಕೊಮ್ಮೆ ಮಾಡಿಸುವ ಸ್ಮಾಗ್ ಚೆಕ್ ನೋಡುವುದು ಹೊಗೆಯನ್ನು ಮಾತ್ರ. ಟೈರು, ಬ್ರೇಕು, ಸ್ಟೀರಿಂಗ್ ಅದರ ವ್ಯಾಪ್ತಿಯಲ್ಲಿಲ್ಲ. ಊರಿನಲ್ಲಿ ಹಳೇ ಗಾಡಿಗೆ ಎಫ್‌ಸಿ ಮಾಡಿಸಬೇಕು, ಇಲ್ಲಿ ಮನೆಯ ಕಾರಿಗೆ ಅಂಥದ್ದು ಯಾವುದೂ ಇಲ್ಲ. ನೋಡಬೇಕಾದವರು ನಾವೇ.

ಕೊನೆಯ ಮಾತು

ಮಗಳು ಹೊರಡುವ ದಿನ ಬೆಳಿಗ್ಗೆ ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದಾಯಿತು. ಮಾವ ಅವಳ ಕೈಗೆ ಗಾಳಿ ನೋಡುವ ಗೇಜು, ಒಂದು ಜೊತೆ ಗ್ಲೌಸ್ ಕೊಟ್ಟರು. "ಪುಟ್ಟಿ, ಪೆಟ್ರೋಲ್ ಹಾಕಿಸಿದಾಗಲೆಲ್ಲ ಒಂದು ಸುತ್ತು ಬಂದು ಟೈರು ನೋಡು. ಸ್ಟೇರಿಂಗ್ ಯಾವತ್ತಿನ ಹಾಗೆ ಇಲ್ಲ ಅನ್ನಿಸಿದ್ರೆ ಹಾಡಿನ ವಾಲ್ಯೂಮ್ ಜಾಸ್ತಿ ಮಾಡ್ಬೇಡ, ಗಾಡಿ ನಿಲ್ಸು." ಅವಳು "ಸರಿ ತಾತ" ಅಂದು ನಕ್ಕಳು. ಎರಡು ಗಂಟೆಯ ಮೇಲೆ "ತಲುಪಿದೆ, ನಡುಕ ಇಲ್ಲ" ಎಂದು ಮೆಸೇಜು ಬಂತು. ಮಾವ ಅದನ್ನು ಎರಡು ಸಲ ಓದಿಸಿಕೊಂಡು ಮಧ್ಯಾಹ್ನದ ನಿದ್ದೆಗೆ ಹೋದರು.

ಈ ವಾರಾಂತ್ಯ ನಿಮ್ಮ ಮನೆಯ ಎರಡನೇ ಕಾರಿನ ಟೈರಿನ ಜಾತಕ ಓದಿ ನೋಡಿ. ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿ. ಊರಿಂದ ಬಂದ ಹಿರಿಯರು ಮನೆಯಲ್ಲಿದ್ದರೆ ಅವರನ್ನೂ ಕರೆಯಿರಿ. ಡಿಪೋ ಮೆಕ್ಯಾನಿಕ್ ಆಗಿರಬೇಕೆಂದೇನೂ ಇಲ್ಲ, ಟ್ರ್ಯಾಕ್ಟರ್ ಓಡಿಸಿದವರು, ಲೂನಾ ರಿಪೇರಿ ಮಾಡಿಕೊಂಡವರು ಯಾರಾದರೂ ಆದೀತು. ಅವರ ಕೈಗೆ ಗೊತ್ತಿರುವುದು ನಮ್ಮ ಕಣ್ಣಿಗೆ ಗೊತ್ತಿರುವುದಿಲ್ಲ.

ಮುಂದಿನ ಪಿಕ್‌ನಿಕ್‌ನಲ್ಲಿ ಸಿಗೋಣ. ನಡುಗದೆ ಬನ್ನಿ!